ಸರ್ವರ್ ಕೃಪೆ ಇರುವವರೆಗೆ

ಕೈಯಿಂದ ದುಡ್ಡು ಬಿಚ್ಚದೆ ತಪ್ಪಿಸಿಕೊಳ್ಳುವುದಕ್ಕೆ ನಮ್ಮ ಹಿರಿಯರು ಬಿಟ್ಟುಹೋದ ನೆಪಗಳು ಕಡಿಮೆಯೇನಿರಲಿಲ್ಲ. ‘ಇನ್ನೂ ಬೋಣಿ ಆಗಿಲ್ಲ’, ‘ಶುಕ್ರವಾರ ದೀಪ ಹಚ್ಚಿದ ಮೇಲೆ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು’, ‘ಬೀರುವಿನ ಬೀಗದ ಕೈ ಇವಳ ಹತ್ತಿರ ಇದೆ, ಇವಳು ತವರಿಗೆ ಹೋಗಿದ್ದಾಳೆ’. ಇವೆಲ್ಲ ಈಗ ಹಳತಾದವು. ಈ ಕಾಲದ ನೆಪ ‘ಸರ್ವರ್ ಡೌನ್’. ಅದರ ಸೊಗಸೆಂದರೆ, ಅದು ಒಮ್ಮೊಮ್ಮೆ ನಿಜವೂ ಆಗಿರುತ್ತದೆ. ಸುಳ್ಳು ಹೇಳುವವನಿಗೂ ನಿಜ ಹೇಳುವವನಿಗೂ ಒಂದೇ ಮಾತನ್ನು ಒದಗಿಸಿಕೊಟ್ಟ ಕೀರ್ತಿ ನಮ್ಮ ಡಿಜಿಟಲ್ ಕ್ರಾಂತಿಗೆ ಸಲ್ಲಬೇಕು.

2025ರ ಏಪ್ರಿಲ್ 12, ಶನಿವಾರ, ಆ ಮಾತು ಇಡೀ ದೇಶಕ್ಕೆ ನಿಜವಾಯಿತು. ಮಧ್ಯಾಹ್ನದ ಹೊತ್ತಿಗೆ ಯುಪಿಐ ಕೈಕೊಟ್ಟಿತು. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಯಾವ ದರ್ಶಿನಿಯ ಗಲ್ಲಾಪೆಟ್ಟಿಗೆ ಮುಂದೆ ನಿಂತರೂ ಕಾಣುವ ನಾಟಕ ಒಂದೇ.

‘ಹೋಗಿದೆ ನೋಡಿ’ ಎಂದು ಗಿರಾಕಿ ಫೋನು ತಿರುಗಿಸಿ ತೋರಿಸುತ್ತಾನೆ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ.

‘ಬಂದಿಲ್ಲ ಸರ್’ ಎಂದು ಕ್ಯಾಷಿಯರ್ ಸೌಂಡ್‌ಬಾಕ್ಸ್ ಕಡೆ ಗದ್ದ ಎತ್ತುತ್ತಾನೆ. ಬೆಳಗಿನಿಂದ ವಟಗುಟ್ಟುತ್ತಿದ್ದ ಪೆಟ್ಟಿಗೆ ಈಗ ಮೌನವ್ರತದಲ್ಲಿದೆ.

‘ನನ್ನ ಅಕೌಂಟಲ್ಲಿ ಕಟ್ ಆಗಿದೆಯಲ್ರೀ!’

‘ನಮ್ಗೆ ಬಂದಿಲ್ವಲ್ಲ ಸರ್. ಈಗ ಕ್ಯಾಶ್ ಕೊಟ್ಬಿಡಿ. ಆಮೇಲೆ ಬಂದ್ರೆ ವಾಪಸ್ ಕೊಡ್ತೀನಿ.’

ಕ್ಯಾಶ್! ತಿಂಗಳಿಗೆ ಲಕ್ಷಗಟ್ಟಲೆ ಸಂಬಳ ಎಣಿಸುವ ಆ ಮನುಷ್ಯ ಜೇಬು ತಡಕುತ್ತಾನೆ. ಆಫೀಸಿನ ಐಡಿ ಕಾರ್ಡ್ ಸಿಗುತ್ತದೆ, ಮೆಟ್ರೊ ಕಾರ್ಡ್ ಸಿಗುತ್ತದೆ, ಮೂಲೆಯಲ್ಲಿ ಐದು ರೂಪಾಯಿಯ ಒಂದು ನಾಣ್ಯ ಸಿಗುತ್ತದೆ. ಅವನ ಹಿಂದೆ ನಿಂತ ಗಾರೆ ಕೆಲಸದವನು ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಐವತ್ತರ ನೋಟು ಬಿಡಿಸಿ, ಟೋಕನ್ ಹರಿಸಿಕೊಂಡು, ಇಡ್ಲಿ ತಿನ್ನಲು ಹೋಗುತ್ತಾನೆ. ದೇಶದ ಐಟಿ ರಾಜಧಾನಿಯಲ್ಲಿ ಆ ಗಳಿಗೆಯ ಮಟ್ಟಿಗೆ ಸಿರಿವಂತ ಯಾರು, ಬಡವ ಯಾರು ಎಂಬುದನ್ನು ಅರ್ಥಶಾಸ್ತ್ರಜ್ಞರು ಬಿಡಿಸಿ ಹೇಳಬೇಕು.

ಆಮೇಲೆ ಹೊರಬಿದ್ದ ಕಾರಣವಂತೂ ಇನ್ನೂ ಸ್ವಾರಸ್ಯದ್ದು. ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮಕ್ಕೆ ಕೆಲವು ಬ್ಯಾಂಕುಗಳ ಕಂಪ್ಯೂಟರುಗಳು ‘ಆ ವಹಿವಾಟು ಏನಾಯಿತು, ಈ ವಹಿವಾಟು ಏನಾಯಿತು’ ಎಂದು ಬಿಡುವಿಲ್ಲದೆ ವಿಚಾರಿಸುತ್ತ ಹೋದವಂತೆ. ಹಳೆಯ ವಹಿವಾಟುಗಳನ್ನೂ ಬಿಡದೆ ಕೆದಕಿದವಂತೆ. ಅಂದರೆ ದುಡ್ಡು ಹೊರುವ ಭಾರಕ್ಕಲ್ಲ, ‘ದುಡ್ಡು ಬಂತಾ’ ಎಂಬ ಪ್ರಶ್ನೆಯ ಭಾರಕ್ಕೆ ವ್ಯವಸ್ಥೆ ಮಂಡಿಯೂರಿತು. ನಿಗಮ ಬ್ಯಾಂಕುಗಳ ವಿಚಾರಣೆಗೆ ಕಡಿವಾಣ ಹಾಕಿತು. ಜತೆಗೆ ಆಗಸ್ಟ್ 1ರಿಂದ ನಮಗೂ ಒಂದು ಕಟ್ಟಳೆ ಬಂತು: ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವಂತಿಲ್ಲ. ತಿಂಗಳ ಕೊನೆಯ ವಾರ ಎಷ್ಟು ಸಲ ನೋಡಿದರೂ ಬ್ಯಾಲೆನ್ಸ್ ಹೆಚ್ಚುವುದಿಲ್ಲ ಎಂಬ ಸತ್ಯ ಮಧ್ಯಮ ವರ್ಗಕ್ಕೆ ಯಾವ ಸುತ್ತೋಲೆಯ ನೆರವೂ ಇಲ್ಲದೆ ಮೊದಲೇ ಗೊತ್ತಿತ್ತು.

ಯುಪಿಐ ಸಣ್ಣ ಸಾಧನೆ ಎಂದು ಯಾರೂ ಹೇಳುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಹುಟ್ಟಿದ ಕೂಸು 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು ದಾಟಿಸಿತು. ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಬೆನ್ನ ಮೇಲೆ ಚಿಲ್ಲರೆ ಬರೆದುಕೊಟ್ಟು ಮರೆಯುವ ಕಲೆಯನ್ನೂ, ಅಂಗಡಿಯವನು ಒಂದು ರೂಪಾಯಿ ಬದಲು ಚಾಕೊಲೇಟ್ ಕೊಡುವ ಸಂಪ್ರದಾಯವನ್ನೂ ಅದು ಮುಗಿಸಿಬಿಟ್ಟಿತು. ಅಷ್ಟಕ್ಕೆ ಕೈಮುಗಿಯೋಣ. ತಕರಾರು ಇರುವುದು ಅದು ಕೆಲಸ ಮಾಡುವ ಬಗ್ಗೆ ಅಲ್ಲ, ಕೆಲಸ ಮಾಡದಿದ್ದಾಗ ಯಾರ ಮನೆಯ ಬಾಗಿಲು ಬಡಿಯಬೇಕು ಎಂಬ ಬಗ್ಗೆ.

ನೀವು ಕಾಫಿಗೆ ಕೊಟ್ಟ ಇಪ್ಪತ್ತು ರೂಪಾಯಿ ಕೌಂಟರಿನ ಈಚೆಯಿಂದ ಆಚೆಗೆ ಒಂದು ಮೊಳ ದಾಟಬೇಕಾದರೆ ನಿಮ್ಮ ಆ್ಯಪ್, ಆ ಆ್ಯಪ್ ನೆಚ್ಚಿಕೊಂಡ ಬ್ಯಾಂಕು, ಪಾವತಿ ನಿಗಮ, ನಿಮ್ಮ ಖಾತೆಯ ಬ್ಯಾಂಕು, ಹೋಟೆಲಿನವನ ಬ್ಯಾಂಕು, ಇಷ್ಟನ್ನೂ ಪ್ರದಕ್ಷಿಣೆ ಹಾಕಿ ಬರಬೇಕು. ಎಲ್ಲ ಸರಿಯಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಆಗುತ್ತದೆ. ಆಗ ಐದೂ ಮಂದಿ ಪತ್ರಿಕೆಯಲ್ಲಿ ಜಾಹೀರಾತು ಹಾಕುತ್ತಾರೆ. ನಡುವೆ ಎಲ್ಲಾದರೂ ಸಿಕ್ಕಿಕೊಂಡಿತೋ, ಐದೂ ಮಂದಿಯ ಉತ್ತರ ಒಂದೇ: ‘ನಮ್ಮ ಕಡೆಯಿಂದ ಕ್ಲಿಯರ್ ಆಗಿದೆ ಸರ್.’ ಆ್ಯಪ್‌ನವರು ಬ್ಯಾಂಕಿಗೆ ಹೋಗಿ ಎನ್ನುತ್ತಾರೆ. ಬ್ಯಾಂಕಿನವರು ‘ಇದು ನಮ್ಮ ಬ್ರಾಂಚಿಗೆ ಬರಲ್ಲ, ಟೋಲ್ ಫ್ರೀಗೆ ಮಾಡಿ’ ಎನ್ನುತ್ತಾರೆ. ಟೋಲ್ ಫ್ರೀ ಹೆಂಗಸು ಹೊಸ ಗೃಹಸಾಲದ ವಿವರ, ಕ್ರೆಡಿಟ್ ಕಾರ್ಡಿನ ವಿವರ, ವಿಮೆಯ ವಿವರ ಎಲ್ಲ ಒಪ್ಪಿಸಿ, ಕೊನೆಗೆ ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹೇಳಿ ಲೈನು ಕತ್ತರಿಸುತ್ತಾಳೆ. ಐದು ಜನರ ನಡುವೆ ಹೊಣೆ ಹಂಚಿದರೆ ಒಬ್ಬೊಬ್ಬರಿಗೆ ಐದನೇ ಒಂದು ಪಾಲು ಬರುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೆವು. ಇಲ್ಲಿ ಸೊನ್ನೆ ಬರುತ್ತದೆ.

ಇಷ್ಟಾಗಿ ಇದಕ್ಕೊಂದು ನಿಯಮ ಇಲ್ಲವೇ ಎಂದರೆ, ಇದೆ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ ಯುಪಿಐ ಹಣ ಕಡಿತವಾಗಿ ತಲುಪದೆ ಹೋದರೆ ಮಾರನೆಯ ದಿನದೊಳಗೆ ತಾನಾಗಿಯೇ ವಾಪಸಾಗಬೇಕು. ಅಂಗಡಿಯವರಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ಆ ಗಡುವು ಮೀರಿದ ಒಂದೊಂದು ದಿನಕ್ಕೂ ಗ್ರಾಹಕನಿಗೆ ₹100 ಪರಿಹಾರ ಕೊಡಬೇಕು, ಅದೂ ಗ್ರಾಹಕ ಕೇಳದೆಯೇ. ಒಳ್ಳೆಯ ನಿಯಮ. ಕ್ಯಾಶ್‌ಬ್ಯಾಕ್ ಬಂತು, ಸ್ಕ್ರ್ಯಾಚ್ ಕಾರ್ಡ್ ಬಂತು, ಚಿನ್ನ ಕೊಳ್ಳಿ, ಸಾಲ ತಗೊಳ್ಳಿ ಎಂದು ದಿನಕ್ಕೆ ಹತ್ತು ಸಂದೇಶ ಕಳಿಸುವ ಆ್ಯಪ್‌ಗಳಲ್ಲಿ ಒಂದಾದರೂ ‘ದಿನಕ್ಕೆ ನೂರು ರೂಪಾಯಿ ನಿಮ್ಮ ಹಕ್ಕು’ ಎಂದು ಟಿಂಗ್ ಎಂದದ್ದನ್ನು ನೀವು ಕೇಳಿದ್ದೀರಾ? ನಿಯಮ ಇರುವುದು ಸುತ್ತೋಲೆಯಲ್ಲಿ, ಗ್ರಾಹಕ ಇರುವುದು ಕ್ಯೂನಲ್ಲಿ.

ಇನ್ನು ಐದು ಕೊಂಡಿಗಳಲ್ಲಿ ಒಂದು ಕಳಚಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಕಂಪನಿಯೊಂದು 2020ರ ಮಾರ್ಚ್ 5ರ ರಾತ್ರಿ ಕಂಡುಕೊಂಡಿತು. ಅಂದು ಯೆಸ್ ಬ್ಯಾಂಕ್ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಠೇವಣಿದಾರರು ₹50,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಫೋನ್‌ಪೇ ಯುಪಿಐ ವ್ಯವಹಾರಕ್ಕೆ ನೆಚ್ಚಿಕೊಂಡಿದ್ದುದು ಅದೇ ಬ್ಯಾಂಕನ್ನು. ಬ್ಯಾಂಕು ಮಲಗಿತು, ಆ್ಯಪ್ ಕೂಡ ಮಲಗಿತು. ಯೆಸ್ ಬ್ಯಾಂಕಿನಲ್ಲಿ ಒಂದು ಕಾಸೂ ಇಡದವರು, ಅದರ ಶಾಖೆಯ ಮೆಟ್ಟಿಲನ್ನೂ ತುಳಿಯದವರು, ಕಿರಾಣಿ ಅಂಗಡಿಯಲ್ಲಿ ಬೇಳೆ ಅಳೆಸಿಕೊಂಡು ಪೆಚ್ಚಾಗಿ ನಿಂತರು. ಕಂಪನಿ ರಾತ್ರೋರಾತ್ರಿ ಬೇರೆ ಬ್ಯಾಂಕು ಹಿಡಿದು ಎದ್ದು ನಿಂತಿತು.

ಆಮೇಲೆ 2024. ನೋಟು ಅಮಾನ್ಯವಾದ ಬೆನ್ನಿಗೇ, ಅಂದರೆ 2016ರ ನವೆಂಬರ್‌ನಲ್ಲಿ, ಪ್ರಧಾನಿಯ ಭಾವಚಿತ್ರ ಹಾಕಿ ಪತ್ರಿಕೆಗಳಲ್ಲಿ ಪುಟದಗಲ ಸಂಭ್ರಮಿಸಿದ್ದು ಪೇಟಿಎಂ. ಅದರದೇ ಪೇಮೆಂಟ್ಸ್ ಬ್ಯಾಂಕ್ ಮಾರ್ಚ್ 15ರ ನಂತರ ಹೊಸ ಠೇವಣಿ ತೆಗೆದುಕೊಳ್ಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ಬಾಗಿಲು ಹಾಕಿಸಿತು. ಪೇಟಿಎಂನ ಯುಪಿಐ ಮುಂದುವರಿಯಲು ನಾಲ್ಕು ಬ್ಯಾಂಕುಗಳು ಕೈಹಿಡಿದವು. ಅವುಗಳಲ್ಲಿ ಒಂದರ ಹೆಸರು ಯೆಸ್ ಬ್ಯಾಂಕ್! ನಾಲ್ಕು ವರ್ಷದ ಹಿಂದೆ ಮುಳುಗಿದವನೇ ಇಂದು ಈಜು ಬಾರದವನಿಗೆ ಕೈ ಕೊಡುತ್ತಿದ್ದ. ಕೈ ಕೊಡುವುದು ಎಂಬ ಮಾತನ್ನು ಇಲ್ಲಿ ಒಳ್ಳೆಯ ಅರ್ಥದಲ್ಲೇ ತೆಗೆದುಕೊಳ್ಳಿ.

ಇದರಿಂದ ದೇಶ ಪಾಠ ಕಲಿಯಿತೇ? ಕಲಿತು ಮುಂದಕ್ಕೆ ಹಾಕಿತು. ಒಂದೇ ಆ್ಯಪ್ ಕೈಯಲ್ಲಿ ಯುಪಿಐ ವಹಿವಾಟಿನ ಶೇಕಡ 30ಕ್ಕಿಂತ ಹೆಚ್ಚು ಪಾಲು ಇರಬಾರದು ಎಂದು ಪಾವತಿ ನಿಗಮ 2020ರಲ್ಲೇ ಹೇಳಿತ್ತು. ಫೋನ್‌ಪೇ ಮತ್ತು ಗೂಗಲ್ ಪೇ ಎರಡೇ ಸೇರಿ ಶೇಕಡ 80ರಷ್ಟು ವಹಿವಾಟನ್ನು ಹಂಚಿಕೊಂಡು ಕೂತವು. ಗಡುವು 2024ರ ಕೊನೆಗೆ ಹೋಯಿತು, ಅಲ್ಲಿಂದ 2026ರ ಕೊನೆಗೆ ಜಿಗಿಯಿತು. ನೀವು ಕರೆಂಟ್ ಬಿಲ್ಲನ್ನು ಒಂದು ದಿನ ತಡ ಮಾಡಿ ನೋಡಿ, ಗಡುವು ಎಂದರೇನೆಂದು ಲೈನ್‌ಮ್ಯಾನ್ ಕಂಬ ಹತ್ತಿ ತೋರಿಸುತ್ತಾನೆ.

ಕೊಂಡಿಗಳು ಗಟ್ಟಿಯಾಗಿದ್ದಾಗಲೂ ಕಳ್ಳರಿಗೆ ಬಿಡುವಿಲ್ಲ. ನಿಮ್ಮ ಹಳೆಯ ಸೋಫಾ ಕೊಳ್ಳುತ್ತೇನೆಂದು ಫೋನು ಮಾಡಿದವನು, ‘ದುಡ್ಡು ಹಾಕ್ತೀನಿ, ಪಿನ್ ಒತ್ತಿ’ ಎನ್ನುತ್ತಾನೆ. ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ ಎಂದು ತಿಳಿಯುವ ಹೊತ್ತಿಗೆ ಸೋಫಾ ಮನೆಯಲ್ಲೇ ಇರುತ್ತದೆ, ದುಡ್ಡು ಹೋಗಿರುತ್ತದೆ. ಈ ‘ಕಲೆಕ್ಟ್ ರಿಕ್ವೆಸ್ಟ್’ ಎಂಬ ಕಿಂಡಿಯನ್ನು ವ್ಯಕ್ತಿ ವ್ಯಕ್ತಿಗಳ ನಡುವೆ ಮುಚ್ಚಿದ್ದು 2025ರ ಅಕ್ಟೋಬರ್ 1ಕ್ಕೆ. ಅಂದರೆ ಮನೆಗೆ ಕಿಂಡಿ ಇಟ್ಟವರಿಗೆ ಅದರಲ್ಲಿ ಕಳ್ಳರೂ ತೂರಬಹುದು ಎಂದು ಹೊಳೆದು, ಮುಚ್ಚುವುದಕ್ಕೆ ಒಂಬತ್ತು ವರ್ಷ ಹಿಡಿಯಿತು.

ಅಷ್ಟೂ ವರ್ಷ ಬ್ಯಾಂಕುಗಳು ಸುಮ್ಮನೇನೂ ಕೂತಿರಲಿಲ್ಲ. ಎಚ್ಚರಿಕೆಯ ಸಂದೇಶ ಕಳಿಸುತ್ತಿದ್ದವು. ‘ಒಟಿಪಿ ಯಾರಿಗೂ ಹೇಳಬೇಡಿ, ಪಿನ್ ಯಾರಿಗೂ ಕೊಡಬೇಡಿ.’ ದೇವಸ್ಥಾನದ ಹೊರಗೆ ‘ನಿಮ್ಮ ಪಾದರಕ್ಷೆಗಳಿಗೆ ನೀವೇ ಜವಾಬ್ದಾರರು’ ಎಂದು ಬೋರ್ಡು ಹಾಕುತ್ತಾರಲ್ಲ, ಅದೇ ಜಾತಿಯ ಕಾಳಜಿ ಇದು. ವ್ಯತ್ಯಾಸವೆಂದರೆ ದೇವಸ್ಥಾನದಲ್ಲಿ ಬರಿಗಾಲಲ್ಲಿ ಮನೆಗೆ ಬರಬಹುದು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ನಡೆದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ. ಆದರೆ ಪಿನ್ ಒತ್ತಿದ್ದು ನಿಮ್ಮದೇ ಹೆಬ್ಬೆರಳು ತಾನೆ? ಹಾಗಾದರೆ ಅದು ಮೋಸವಲ್ಲ, ನಿಮ್ಮ ಅಜಾಗರೂಕತೆ. ಕಳ್ಳ ಕದ್ದದ್ದು ಕಾಣದಿದ್ದರೆ ಪರಿಹಾರ ಉಂಟು. ಕಳ್ಳ ನಯವಾಗಿ ಮಾತಾಡಿಸಿ ನಿಮ್ಮ ಕೈಯಿಂದಲೇ ಬೀಗ ತೆಗೆಸಿದ್ದರೆ ನೀವು ಅವನ ಪಾಲುದಾರ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ, ಮೊದಲ ಒಂದು ಗಂಟೆಯೊಳಗೆ ಮಾಡಿ ಎನ್ನುತ್ತಾರೆ. ಖಂಡಿತ ಮಾಡಿ. ದುಡ್ಡು ಹೋಗಿದೆ ಎಂದು ನಂಬುವುದಕ್ಕೇ ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂಬುದೊಂದೇ ತೊಡಕು.

ಇವೆಲ್ಲ ಕೊಡುವವನ ಪಾಡು. ತೆಗೆದುಕೊಳ್ಳುವವನ ಪಾಡಿನ ಮುಂದೆ ಇದು ಏನೂ ಅಲ್ಲ.

ಕ್ಯೂಆರ್ ಕೋಡ್ ಬಂದ ಹೊಸತರಲ್ಲಿ ಕಂಪನಿಯ ಟೀ ಶರ್ಟ್ ತೊಟ್ಟ ಹುಡುಗರು ತಳ್ಳುಗಾಡಿಯಿಂದ ತಳ್ಳುಗಾಡಿಗೆ ಓಡಾಡಿದರು. ‘ಅಣ್ಣಾ, ಫ್ರೀ ಅಣ್ಣಾ, ಒಂದು ರೂಪಾಯಿ ಇಲ್ಲ, ಅಂಟಿಸ್ತೀನಿ ಸುಮ್ನೆ’ ಎಂದು ಸೊಪ್ಪಿನ ಗಾಡಿಗೂ ಅಂಟಿಸಿದರು, ಹೂವಿನ ಬುಟ್ಟಿಗೂ ಕಟ್ಟಿದರು. ಫ್ರೀ ಎಂಬುದು ನಿಜವೇ. 2020ರ ಜನವರಿಯಿಂದ ಯುಪಿಐ ವ್ಯಾಪಾರಕ್ಕೆ ಶುಲ್ಕವಿಲ್ಲ. ಆ ಖರ್ಚಿನ ಒಂದು ಪಾಲನ್ನು ಸರ್ಕಾರ ಬೊಕ್ಕಸದಿಂದ ತುಂಬುತ್ತದೆ, 2024-25ಕ್ಕೆ ಅಂದಾಜು ₹1,500 ಕೋಟಿ. ಬೊಕ್ಕಸ ಎಂದರೆ ಮತ್ತೆ ನಾವೇ. ಆಮೇಲೆ ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಬಿರಿಯಾನಿ ಕಟ್ಟಿಸಿಕೊಂಡು ಹೋಗುವ ಮಹಾನುಭಾವರು ಹುಟ್ಟಿದರು. ಅವರನ್ನು ಹಿಡಿಯಲು ಸೌಂಡ್‌ಬಾಕ್ಸ್ ಬಂತು. ಫ್ರೀ ವ್ಯವಸ್ಥೆಯನ್ನು ನಂಬಬಹುದೋ ಇಲ್ಲವೋ ಎಂದು ತಿಳಿಯಲು ಅಂಗಡಿಯವನು ತಿಂಗಳು ತಿಂಗಳು ಬಾಡಿಗೆ ಕಟ್ಟತೊಡಗಿದ.

ಹೀಗೆ ಪೆಟ್ಟಿಗೆ ಬೀದಿಗೆಲ್ಲ ಕೇಳುವಂತೆ ‘ಹತ್ತು ರೂಪಾಯಿ ಸ್ವೀಕರಿಸಲಾಗಿದೆ, ಮೂವತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗುತ್ತಿದ್ದುದನ್ನು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯೂ ಕೇಳಿಸಿಕೊಂಡಿತು. 2025ರ ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿ, ಚಹಾ ಅಂಗಡಿಗಳಿಗೆ ಸಾವಿರಾರು ನೋಟಿಸು ಹೊರಟವು. 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ಕೂಡಿ, ‘ನಿಮ್ಮ ವಹಿವಾಟು ವರ್ಷಕ್ಕೆ ₹40 ಲಕ್ಷ ದಾಟಿದೆ, ಜಿಎಸ್‌ಟಿ ನೋಂದಣಿ ಎಲ್ಲಿ, ತೆರಿಗೆ ಎಲ್ಲಿ’ ಎಂದು ಕೇಳಿದವು. ತರಕಾರಿ ಮಾರುವವರೊಬ್ಬರಿಗೆ ಬಂದ ಕಾಗದದಲ್ಲಿದ್ದ ಮೊತ್ತ ಸುಮಾರು ₹29 ಲಕ್ಷ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಎಂಬುದು ಸಣ್ಣ ವಿವರ.

ತೆರಿಗೆ ಕಟ್ಟಬೇಕಾದವನು ಕಟ್ಟಲೇಬೇಕು. ನಗದಾದರೂ ಅಷ್ಟೇ, ಯುಪಿಐ ಆದರೂ ಅಷ್ಟೇ. ಆದರೆ ಖಾತೆಯ ಲೆಕ್ಕಕ್ಕೆ ಕಣ್ಣಿಲ್ಲ. ಬ್ರೆಡ್ಡಿಗೆ ತೆರಿಗೆಯಿಲ್ಲ, ಬಿಸ್ಕತ್ತಿಗೆ ಉಂಟು; ಹಾಲಿಗಿಲ್ಲ, ಹಲ್ವಕ್ಕೆ ಉಂಟು. ಬೇಕರಿಯ ಗಾಜಿನ ಮೇಲೆ ಅಂಟಿಸಿದ ಕ್ಯೂಆರ್ ಕೋಡ್‌ಗೆ ಇದ್ಯಾವುದೂ ತಿಳಿಯದು. ಭಾಮೈದ ವಾಪಸು ಕೊಟ್ಟ ಕೈಸಾಲ, ಚೀಟಿ ಎತ್ತಿದ ದುಡ್ಡು, ಮಗಳ ಕಾಲೇಜು ಫೀಜಿಗೆಂದು ತಂಗಿ ಕಳಿಸಿದ್ದು, ಎಲ್ಲವೂ ಅದಕ್ಕೆ ‘ವ್ಯಾಪಾರ’. ಒಂದು ಪ್ಯಾಕೆಟ್ ಹಾಲು ಮಾರಿದರೆ ಅಂಗಡಿಯವನಿಗೆ ಉಳಿಯುವುದು ಒಂದೆರಡು ರೂಪಾಯಿ. ಲೆಕ್ಕದಲ್ಲಿ ಕಾಣುವುದು ಪೂರಾ ಪ್ಯಾಕೆಟ್ಟು. ದಿನಕ್ಕೆ ಹದಿನೈದು ಗಂಟೆ ನಿಂತು ಕಾಲು ಊದಿಸಿಕೊಂಡವನು, ಕಾಗದದ ಮೇಲೆ ಕೋಟ್ಯಧಿಪತಿ. ಅವನ ಹೆಂಡತಿಗೂ ಆ ವಿಷಯ ನೋಟಿಸಿನಿಂದಲೇ ಗೊತ್ತಾಗಿದ್ದು.

ಮಾರನೆಯ ವಾರ ಬೆಂಗಳೂರಿನ ಅಂಗಡಿಗಳ ಮುಂದೆ ಹೊಸ ಸಾಹಿತ್ಯ ಕಾಣಿಸಿಕೊಂಡಿತು: ‘ನೋ ಯುಪಿಐ, ಓನ್ಲಿ ಕ್ಯಾಶ್’. ಹುಡುಗರು ಅಂಟಿಸಿಹೋದ ಸ್ಟಿಕರುಗಳನ್ನು ಅಂಗಡಿಯವರು ಉಗುರಿನಿಂದ ಕೆರೆದು ತೆಗೆದರು. ಜುಲೈ 25ಕ್ಕೆ ಬಂದ್ ಕರೆ ಹೋಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರನ್ನು ಕರೆದು ಮಾತಾಡಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಕೊಳ್ಳಿ ಎಂದರು. ಇಲಾಖೆಯವರು, ನೋಟಿಸು ಎಂದರೆ ಬರೀ ವಿವರ ಕೇಳಿದ್ದು, ಅಂತಿಮ ಬೇಡಿಕೆಯಲ್ಲ ಎಂದರು. ‘ಕೇಂದ್ರದ ತೆರಿಗೆ’ ಎಂದು ರಾಜ್ಯದವರೂ ‘ರಾಜ್ಯದ ನೋಟಿಸು’ ಎಂದು ಕೇಂದ್ರದವರೂ ಕೈ ತೋರಿಸಿಕೊಂಡರು. ಅಲ್ಲಿಯೂ ಅದೇ ಹಾಡು: ನಮ್ಮ ಕಡೆಯಿಂದ ಕ್ಲಿಯರ್ ಆಗಿದೆ.

ನೋಟಿಸು ಬಂದರೆ ಲೆಕ್ಕಿಗರನ್ನು ಹಿಡಿಯಬಹುದು. ಖಾತೆಯೇ ಹೆಪ್ಪುಗಟ್ಟಿದರೆ? ಯಾವನೋ ವಂಚಕ ದೂರದ ಇನ್ನಾವುದೋ ರಾಜ್ಯದಲ್ಲಿ ಯಾರದೋ ಹಣ ಲಪಟಾಯಿಸುತ್ತಾನೆ. ಅದು ನಾಲ್ಕಾರು ಖಾತೆ ಹಾರಿ, ಕೊನೆಗೆ ಯಾರೋ ಅದರಲ್ಲಿ ನೂರು ರೂಪಾಯಿಯ ಊಟ ಮಾಡಿ ಇಲ್ಲಿನ ಮೆಸ್ಸಿನವನಿಗೆ ಸ್ಕ್ಯಾನ್ ಮಾಡುತ್ತಾರೆ. ಅಲ್ಲಿಯ ಪೊಲೀಸರು ಕಂಪ್ಯೂಟರಿನಲ್ಲಿ ದಾರಿ ಹಿಡಿದು ಬಂದು, ಇಲ್ಲಿಯ ಇಡೀ ಖಾತೆಯನ್ನು ತಡೆಹಿಡಿಯಿರಿ ಎಂದು ಬ್ಯಾಂಕಿಗೆ ಬರೆಯುತ್ತಾರೆ. ಬ್ಯಾಂಕು ಮರುಮಾತಿಲ್ಲದೆ ಬೀಗ ಜಡಿಯುತ್ತದೆ. ಮೆಸ್ಸಿನವನಿಗೆ ಅದು ತಿಳಿಯುವುದು ದಿನಸಿಯವನಿಗೆ ದುಡ್ಡು ಹಾಕಲು ಹೋದಾಗ. ಮ್ಯಾನೇಜರು ಒಂದು ಚೀಟಿಯಲ್ಲಿ ಎಂದೂ ಕಾಣದ ಊರಿನ ಠಾಣೆಯ ಹೆಸರು ಬರೆದುಕೊಟ್ಟು, ‘ಅಲ್ಲಿಂದ ಎನ್‌ಒಸಿ ತಂದುಬಿಡಿ’ ಎನ್ನುತ್ತಾರೆ, ಪಕ್ಕದ ಬೀದಿಯಿಂದ ಜೆರಾಕ್ಸ್ ತರಲು ಹೇಳಿದಷ್ಟು ಸಲೀಸಾಗಿ. ಅನುಮಾನದ ಮೊತ್ತವನ್ನಷ್ಟೇ ತಡೆಹಿಡಿಯಿರಿ, ಇಡೀ ಖಾತೆಯನ್ನಲ್ಲ ಎಂದು ಕೇರಳ ಹೈಕೋರ್ಟು 2023ರಲ್ಲಿ ಹೇಳಬೇಕಾಯಿತು. ನೂರು ರೂಪಾಯಿಯ ಅನುಮಾನಕ್ಕೆ ನೂರನ್ನು ಹಿಡಿಯಬೇಕು ಎಂಬುದಕ್ಕೂ ನ್ಯಾಯಾಲಯ ಬೇಕು. ನಗದಿನ ಕಾಲದಲ್ಲಿ ಹೋಟೆಲಿನವನು ಗಿರಾಕಿಯ ನೋಟು ಖೋಟಾವೋ ಅಸಲಿಯೋ ಎಂದು ಬೆಳಕಿಗೆ ಹಿಡಿದು ನೋಡಿದರೆ ಮುಗಿಯುತ್ತಿತ್ತು. ಈಗ ಆ ನೋಟು ಗಿರಾಕಿಯ ಕೈಗೆ ಬಂದ ವಂಶವೃಕ್ಷಕ್ಕೂ ಅವನೇ ಜಾಮೀನು.

ಹಾಗಾದರೆ ಫೋನು ಬಿಸಾಕಿ ಸೆರಗಿನ ಗಂಟಿಗೆ, ಸಾಸಿವೆ ಡಬ್ಬಿಗೆ ಮರಳೋಣವೇ? ಅದು ಆಗುವ ಮಾತಲ್ಲ. ಎರಡು ಬ್ಯಾಂಕಿನಲ್ಲಿ ಖಾತೆ ಇರಲಿ, ಅಂಗಡಿಯ ಜಮೆಗೂ ಮನೆಯ ಖರ್ಚಿಗೂ ಬೇರೆ ಬೇರೆ ಖಾತೆ ಇರಲಿ, ಚಿಲ್ಲರೆ ವ್ಯವಹಾರಕ್ಕೆ ಯುಪಿಐ ಲೈಟ್‌ನಲ್ಲಿ ನಾಲ್ಕು ಕಾಸು ಇರಲಿ, ಜೇಬಿನಲ್ಲಿ ಎರಡು ದಿನಕ್ಕಾಗುವ ನೋಟು ಇರಲಿ. ಇದು ಯಾವ ಅಜ್ಜಿಯಾದರೂ ಹೇಳುವ ಬುದ್ಧಿ. ಆದರೆ ನಮ್ಮ ಎಚ್ಚರಿಕೆಯ ಪಟ್ಟಿಯನ್ನು ಉದ್ದ ಮಾಡುತ್ತ ಹೋದಷ್ಟೂ ಅವರ ಹೊಣೆಯ ಪಟ್ಟಿ ಗಿಡ್ಡವಾಗುತ್ತ ಹೋಗುತ್ತದೆ. 2,000 ಕೋಟಿ ವಹಿವಾಟಿನ ಹೆಗ್ಗಳಿಕೆಗೆ ದಿಲ್ಲಿ, ಮುಂಬೈ, ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲಿ ಹಾರ ಹಾಕಿಸಿಕೊಳ್ಳುವ ಕೊರಳುಗಳು ಬೇಕಾದಷ್ಟಿವೆ. ಒಂದೇ ಒಂದು ವಹಿವಾಟು ಕೆಟ್ಟಾಗ ಬೈಸಿಕೊಳ್ಳಲು ಸಿಗುವ ಮುಖ ಮಾತ್ರ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನದು. ಅವನಿಗೆ ಸರ್ವರ್ ಎಂದರೆ ಇಡ್ಲಿ ತಂದಿಡುವ ಹುಡುಗ ಎಂದಷ್ಟೇ ಗೊತ್ತಿತ್ತು.

ಬೇಡಿಕೆ ದೊಡ್ಡದೇನಲ್ಲ. ಅಂಗಡಿ ಅಂಗಡಿಗೆ ಹೋಗಿ ಕ್ಯೂಆರ್ ಕೋಡ್ ಅಂಟಿಸಲು ಟೀ ಶರ್ಟ್ ಹುಡುಗರನ್ನು ಕಳಿಸಲು ನಿಮ್ಮಲ್ಲಿ ಕಾಸಿತ್ತು, ಜನವಿತ್ತು, ಉತ್ಸಾಹವಿತ್ತು. ದುಡ್ಡು ಸಿಕ್ಕಿಕೊಂಡಾಗ, ಖಾತೆ ಹೆಪ್ಪುಗಟ್ಟಿದಾಗ, ದಿನಕ್ಕೆ ನೂರು ರೂಪಾಯಿಯ ಲೆಕ್ಕ ಹಾಕಿ ಕೊಡಲು ಅದೇ ಟೀ ಶರ್ಟ್ ತೊಡಿಸಿ ಅದೇ ಹುಡುಗನನ್ನು ಇನ್ನೊಂದು ಸಲ ಕಳಿಸಿ. ದಾರಿ ಅವನಿಗೆ ಗೊತ್ತಿದೆ.